ತರಬೇತಿ ಮುಗಿದ ಮೇಲೆ ಅವರೆಲ್ಲ ಎಲ್ಲಿಗೆ ಹೋದರು?

ಟೊರಾಂಟೊ ಮಹಾನಗರದ ವಾಯವ್ಯ ಅಂಚಿನಲ್ಲಿರುವ ಕ್ಲೈನ್‌ಬರ್ಗ್, ಮ್ಯಾಕ್‌ಮೈಕಲ್ ಕಲಾಸಂಗ್ರಹಾಲಯದಿಂದ ಹೆಸರಾದ ಪುಟ್ಟ ಊರು. ಈಗ ಅದರ ಸುತ್ತಲಿನ ಹೊಸ ಬಡಾವಣೆಗಳಲ್ಲಿ ಕನ್ನಡದ ಮನೆಗಳೂ ಇವೆ. ಅಂಥ ಒಂದು ಮನೆಯಲ್ಲಿ ಕೂತು ಈ ಸಂಪಾದಕೀಯ ಬರೆಯುತ್ತಿರುವಾಗ ನನ್ನೆದುರಿಗೆ ಒಂದು ವರದಿಯಿದೆ. ಈ ಭಾಗದ ಒಂದು ಯುವ ಉದ್ಯೋಗ ಕಾರ್ಯಕ್ರಮದ ಫಲಿತಾಂಶ ಪರಿಶೀಲಿಸುವ ಸಮಿತಿಗೆ ಈಚೆಗೆ ನನ್ನನ್ನು ಕರೆದಿದ್ದರು. ವರದಿಯ ಮೊದಲ ಪುಟದಲ್ಲೇ ದಪ್ಪ ಅಕ್ಷರಗಳಲ್ಲಿ ಯಶಸ್ಸಿನ ಶೇಕಡಾವಾರು ಲೆಕ್ಕವಿತ್ತು. ಕೊನೆಯ ಪುಟದ ಕೋಷ್ಟಕದಲ್ಲಿ, ಸಣ್ಣ ಅಕ್ಷರಗಳಲ್ಲಿ, ‘ಸಂಪರ್ಕಕ್ಕೆ ಸಿಕ್ಕಿಲ್ಲ’ ಎಂಬ ಒಂದು ಸಾಲಿತ್ತು.

ಆ ಸಾಲಿನಲ್ಲಿದ್ದವರನ್ನು ಲೆಕ್ಕದಿಂದಲೇ ಕೈಬಿಡಲಾಗಿತ್ತು. ಇದರ ಪರಿಣಾಮವೇನೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ನೂರು ಜನ ತರಬೇತಿ ಪಡೆದರು ಎನ್ನಿ. ಆರು ತಿಂಗಳ ನಂತರ ಅರುವತ್ತು ಜನ ಫೋನಿಗೆ ಸಿಕ್ಕರು, ಅವರಲ್ಲಿ ನಲವತ್ತೈದು ಜನರಿಗೆ ಕೆಲಸವಿತ್ತು. ಸಿಕ್ಕವರನ್ನಷ್ಟೇ ಎಣಿಸಿದರೆ ಯಶಸ್ಸು ಶೇಕಡಾ 75; ಸೇರಿದವರೆಲ್ಲರನ್ನೂ ಎಣಿಸಿದರೆ, ಖಚಿತವಾಗಿ ಹೇಳಬಹುದಾದದ್ದು ಶೇಕಡಾ 45 ಮಾತ್ರ. ಎರಡೂ ಲೆಕ್ಕಗಳಲ್ಲಿ ಕೂಡು–ಕಳೆಯುವ ತಪ್ಪಿಲ್ಲ. ಆದರೆ ಮೊದಲನೆಯದು ಅನುದಾನ ತರುತ್ತದೆ, ಎರಡನೆಯದು ಪ್ರಶ್ನೆ ತರುತ್ತದೆ. ‘ಆ ನಲವತ್ತು ಜನ ಎಲ್ಲಿಗೆ ಹೋದರು?’ ಎಂಬ ಪ್ರಶ್ನೆಗೆ ನಮ್ಮ ಸಮಿತಿಯಲ್ಲಿ ಸಿಕ್ಕ ಉತ್ತರ, ‘ಮೂರು ಸಲ ಫೋನ್ ಮಾಡಿದೆವು, ಎತ್ತಲಿಲ್ಲ’ ಎಂಬುದಷ್ಟೆ.

ಫೋನು ಎತ್ತದವರು ಯಾರೆಂದು ಊಹಿಸುವುದು ಕಷ್ಟವಲ್ಲ. ಬಾಡಿಗೆ ಕಟ್ಟಲಾಗದೆ ಮನೆ ಬದಲಿಸಿದವರು, ಫೋನಿನ ಸಂಪರ್ಕ ಕಳೆದುಕೊಂಡವರು, ಸಿಕ್ಕ ಕೆಲಸವನ್ನು ಎರಡೇ ವಾರಕ್ಕೆ ಬಿಟ್ಟು ಅದನ್ನು ಹೇಳಿಕೊಳ್ಳಲು ನಾಚಿದವರು. ಕಾರ್ಯಕ್ರಮದ ಅಗತ್ಯ ಹೆಚ್ಚಾಗಿ ಇದ್ದದ್ದು ಇಂಥವರಿಗೇ. 2025ರ ಜುಲೈನಲ್ಲಿ ಕೆನಡಾದಲ್ಲಿ 15ರಿಂದ 24 ವಯಸ್ಸಿನವರ ನಿರುದ್ಯೋಗ ಪ್ರಮಾಣ ಶೇಕಡಾ 14.6ಕ್ಕೆ ಏರಿತ್ತು. ಇಂಥ ಹೊತ್ತಿನಲ್ಲಿ ‘ಸಂಪರ್ಕಕ್ಕೆ ಸಿಕ್ಕಿಲ್ಲ’ ಎಂಬ ಸಾಲನ್ನು ಕಚೇರಿಯ ತಾಂತ್ರಿಕ ವಿವರವೆಂದು ಪಕ್ಕಕ್ಕಿಡಲಾಗದು.

ನಾವು ಬಿಟ್ಟುಬಂದ ನಾಡಿನ ಚಿತ್ರ ಇನ್ನೂ ಕಳವಳಕಾರಿ. 2015ರ ಜುಲೈ 15ರಂದು ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯನ್ನು ಪರಿಶೀಲಿಸಿದ ಭಾರತದ ಮಹಾಲೇಖಪಾಲರ ವರದಿ 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂತು. ಅದರ ಪ್ರಕಾರ, ಪರಿಶೀಲಿಸಿದ ದಾಖಲೆಗಳಲ್ಲಿ ಶೇಕಡಾ 94ಕ್ಕೂ ಹೆಚ್ಚು ಅಭ್ಯರ್ಥಿಗಳ ಬ್ಯಾಂಕ್ ಖಾತೆಯ ಜಾಗದಲ್ಲಿ ಸೊನ್ನೆಗಳಿದ್ದವು, ಅಥವಾ ಆ ಜಾಗ ಖಾಲಿಯಿತ್ತು. ಅಭ್ಯರ್ಥಿಗಳ ಅಭಿಪ್ರಾಯ ತಿಳಿಯಲು ಲೆಕ್ಕಪರಿಶೋಧಕರು ಕಳಿಸಿದ ಇಮೇಲ್‌ಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತಲುಪಲೇ ಇಲ್ಲ. ಬಂದ ಉತ್ತರಗಳು 171. ಅವುಗಳಲ್ಲಿ 131 ಒಂದೇ ವಿಳಾಸದಿಂದಲೋ ತರಬೇತಿ ಕೊಟ್ಟ ಸಂಸ್ಥೆಗಳ ವಿಳಾಸದಿಂದಲೋ ಬಂದಂಥವು. ಕಲಿತವರ ಪರವಾಗಿ ಕಲಿಸಿದವರೇ ಉತ್ತರ ಬರೆದಿದ್ದಾರೆಂದರೆ, ಕಲಿತವರು ಅಲ್ಲಿ ಇದ್ದರೇ ಎಂದೇ ಕೇಳಬೇಕಾಗುತ್ತದೆ.

ಕರ್ನಾಟಕದ್ದೇ ಯೋಜನೆಯ ಮುಂದೆ ಈಗ ಇದೇ ಪ್ರಶ್ನೆ ನಿಂತಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ, ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಕೊಡುತ್ತದೆ. ಗರಿಷ್ಠ ಅವಧಿ ಎರಡು ವರ್ಷ. ಇದನ್ನು ‘ಬಿಟ್ಟಿ ಭಾಗ್ಯ’ ಎಂದು ಹೀಗಳೆಯುವವರ ಸಾಲಿಗೆ ನಾವು ಸೇರಿದವರಲ್ಲ. ಊರಿನಿಂದ ಸಂದರ್ಶನಕ್ಕೆ ಹೋಗಲು ಬಸ್ ಚಾರ್ಜಿಗೂ ಅಪ್ಪನ ಮುಂದೆ ಕೈಯೊಡ್ಡಬೇಕಾದ ಹುಡುಗಿಗೆ ಆ ಹಣ ಎಂಥ ಆಸರೆಯೆಂಬುದನ್ನು ನಾವು ಬಲ್ಲೆವು. ಈ ಸಂಪಾದಕೀಯದ ಪ್ರಶ್ನೆ ಬೇರೆ.

ಮೊದಲ ಕಂತು ಪಡೆದವರ ಎರಡು ವರ್ಷ ಈಗ ತುಂಬಿದೆ. ಅವರಲ್ಲಿ ಹಲವರ ಕಂತು ಅದಕ್ಕೂ ಮೊದಲೇ ನಿಂತಿರುತ್ತದೆ. ಕೆಲಸ ಸಿಕ್ಕಿದರೆ ಹಣ ನಿಲ್ಲುತ್ತದೆ. ಉನ್ನತ ವ್ಯಾಸಂಗಕ್ಕೆ ಸೇರಿದರೆ ನಿಲ್ಲುತ್ತದೆ. ತಾನಿನ್ನೂ ನಿರುದ್ಯೋಗಿ ಎಂಬ ಸ್ವಯಂ ಘೋಷಣೆಯನ್ನು ಗಡುವಿನೊಳಗೆ ಸಲ್ಲಿಸದಿದ್ದರೂ ನಿಲ್ಲುತ್ತದೆ. ಖಜಾನೆಯ ಕಣ್ಣಿಗೆ ಈ ಮೂರೂ ಒಂದೇ: ಉಳಿದ ಹಣ. ಆದರೆ ಬೆಂಗಳೂರಿನ ಕಂಪನಿಯೊಂದಕ್ಕೆ ಸೇರಿದ ಯುವಕ, ಕಲಬುರಗಿಯಲ್ಲಿ ಎಂ.ಎ. ಓದುತ್ತಿರುವ ಯುವತಿ, ಮದುವೆಯಾಗಿ ಗಂಡನ ಊರಿಗೆ ಹೋಗಿ ಘೋಷಣೆ ಸಲ್ಲಿಸಲು ಸೈಬರ್ ಕೇಂದ್ರವೂ ಸಿಗದ ಇನ್ನೊಬ್ಬಳು, ಈ ಮೂವರ ಬದುಕು ಒಂದೇ ಅಲ್ಲ. ‘ಕಂತು ನಿಂತಿದೆ’ ಎಂಬುದನ್ನು ‘ಕೆಲಸ ಸಿಕ್ಕಿದೆ’ ಎಂದು ಓದಿಕೊಳ್ಳುವುದು ಸರ್ಕಾರಕ್ಕೆ ಸುಲಭ. ವಿರೋಧಿಗಳಿಗೆ ‘ಎಲ್ಲವೂ ವ್ಯರ್ಥ’ ಎಂದು ಓದಿಕೊಳ್ಳುವುದೂ ಅಷ್ಟೇ ಸುಲಭ. ನಿಜ ತಿಳಿಯಲು ಇರುವುದು ಒಂದೇ ದಾರಿ: ಅವರನ್ನೇ ಕೇಳುವುದು.

ಹಾಗೆ ಕೇಳುವ ಪರಂಪರೆ ನಮ್ಮಲ್ಲಿ ಇಲ್ಲದೆ ಇಲ್ಲ. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳು ಜೊತೆಗೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ತೆರೆದವು. ಊಟ, ವಸತಿಯೊಂದಿಗೆ ಉಚಿತವಾಗಿ ಕೊಡುವ ಅಲ್ಪಾವಧಿ ತರಬೇತಿ. ಆಮೇಲೆ ಎರಡು ವರ್ಷ ಬೆನ್ನಿಗೆ ನಿಲ್ಲುವ ಅನುಸರಣೆ. ತರಬೇತಿಗೆ ವಾರಗಳು, ಅನುಸರಣೆಗೆ ವರ್ಷಗಳು ಎಂಬ ಈ ಪ್ರಮಾಣವೇ ಆ ಮಾದರಿಯ ಜೀವಾಳ. 2009ರಲ್ಲಿ ಕೇಂದ್ರ ಸರ್ಕಾರ ಇದನ್ನೇ ಅನುಸರಿಸಿ ಜಿಲ್ಲೆಗೊಂದರಂತೆ ಆರ್‌ಸೆಟಿ ಕೇಂದ್ರಗಳನ್ನು ತೆರೆಯಲು ಮುಂದಾಯಿತು. ಅಲ್ಲಿನ ಪರಿಭಾಷೆಯಲ್ಲಿ ಎಣಿಸುವುದು ತರಬೇತಿ ಪಡೆದವರನ್ನಷ್ಟೇ ಅಲ್ಲ, ‘ನೆಲೆಗೊಂಡವರನ್ನು’. ಇದಕ್ಕೆ ಮಿತಿಗಳಿವೆ. ನೆಲೆಗೊಂಡವರ ವರಮಾನವೆಷ್ಟು, ಸಾಲ ತೀರಿದೆಯೇ, ಅವರಲ್ಲಿ ದಲಿತರೆಷ್ಟು, ಮಹಿಳೆಯರೆಷ್ಟು ಎಂಬ ವಿವರ ಆ ಒಂದು ಅಂಕಿಯಲ್ಲಿ ಕಾಣದು. ಆದರೂ ಬ್ಯಾಂಕು ತನ್ನ ಸಾಲದ ದೆಸೆಯಿಂದಲಾದರೂ ಆ ಮನೆಯ ಬಾಗಿಲಿಗೆ ಮತ್ತೆ ಹೋಗಬೇಕಿತ್ತು. ಪ್ರಮಾಣಪತ್ರ ಹಂಚಿದ ದಿನವೇ ಸಂಬಂಧ ಕಡಿದುಕೊಳ್ಳುವ ಯೋಜನೆಗಳಿಗೆ ಆ ದೆಸೆಯೂ ಇಲ್ಲ.

ಹಾಗೆಂದು ಅನುಸರಣೆಯನ್ನು ಕಡ್ಡಾಯ ಮಾಡಿದರೆ ಎಲ್ಲವೂ ಸರಿಹೋದೀತೆಂದು ಹೇಳಲಾಗದು. ಏನನ್ನು ಅಳೆಯುತ್ತೇವೆ ಎಂಬುದೂ ಅಷ್ಟೇ ಮುಖ್ಯ. 2016ರಲ್ಲಿ ಒಂಟಾರಿಯೊದ ಲೆಕ್ಕಪರಿಶೋಧಕರು ಇಲ್ಲಿನ ಸರ್ಕಾರಿ ಉದ್ಯೋಗ ಸೇವೆಯನ್ನು ಪರೀಕ್ಷಿಸಿದಾಗ, ಸೇವೆ ಮುಗಿಸಿದವರಲ್ಲಿ ಪೂರ್ಣಾವಧಿ ಕೆಲಸ ಸಿಕ್ಕವರು ಶೇಕಡಾ 38. ತಮ್ಮ ಕಲಿಕೆಗೆ ಅಥವಾ ಅರ್ಹತೆಗೆ ತಕ್ಕ ಕೆಲಸ ಸಿಕ್ಕವರು ಶೇಕಡಾ 14 ಮಾತ್ರ ಎಂದು ತಿಳಿದುಬಂತು. ಮುಂದೆ ಬಂದ ಹೊಸ ವ್ಯವಸ್ಥೆಯಲ್ಲಿ, ಅಭ್ಯರ್ಥಿ ಒಂದು, ಮೂರು, ಆರು, ಹನ್ನೆರಡನೆಯ ತಿಂಗಳಲ್ಲಿ ವಾರಕ್ಕೆ ಕನಿಷ್ಠ 20 ಗಂಟೆ ದುಡಿಯುತ್ತಿದ್ದಾನೆಯೇ ಎಂಬುದನ್ನು ನೋಡಿ ಸೇವಾಸಂಸ್ಥೆಗಳಿಗೆ ಹಣ ಕೊಡುವ ಕ್ರಮ ಜಾರಿಯಾಯಿತು. ವರ್ಷದವರೆಗೆ ಬೆನ್ನು ಹಿಡಿಯುವುದು ಮೆಚ್ಚತಕ್ಕದ್ದೇ. ಆದರೆ ಇಪ್ಪತ್ತು ಗಂಟೆಯ ಈ ಅಳತೆಗೆ, ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವ ಎಂಜಿನಿಯರೂ ‘ಯಶಸ್ಸು’ ಎಂದೇ ಕಾಣುತ್ತಾನೆ. ನಮ್ಮ ಸುತ್ತಲೇ ಅಂಥ ಎಷ್ಟೋ ಕನ್ನಡದ ಮಕ್ಕಳಿದ್ದಾರೆ.

ಹಣವನ್ನು ಫಲಿತಾಂಶಕ್ಕೆ ಕಟ್ಟಿದಾಗ ಇನ್ನೊಂದು ಅಪಾಯವೂ ಹುಟ್ಟುತ್ತದೆ. ಹೇಗಿದ್ದರೂ ಕೆಲಸ ಸಿಗುವಂಥವರನ್ನೇ ಆಯ್ದು ಸೇರಿಸಿಕೊಂಡರೆ ಅಂಕಿ ಸುಲಭವಾಗಿ ಏರುತ್ತದೆ. ಅಮೆರಿಕದ 1982ರ ಉದ್ಯೋಗ ತರಬೇತಿ ಕಾಯ್ದೆಯ ಅನುಭವವನ್ನು ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್ಮನ್ ಮತ್ತು ಸಂಗಡಿಗರು ವಿಶ್ಲೇಷಿಸಿದಾಗ ಕಂಡದ್ದು ಇದು: ತರಬೇತಿ ಮುಗಿದ ಕೂಡಲೇ ಅಳೆದ ಯಶಸ್ಸಿಗೂ, ಆ ತರಬೇತಿಯಿಂದ ದೀರ್ಘಕಾಲದಲ್ಲಿ ಆದ ನಿಜವಾದ ಲಾಭಕ್ಕೂ ಹೇಳಿಕೊಳ್ಳುವಂಥ ನಂಟಿರಲಿಲ್ಲ. ಭಾರತದಲ್ಲಿ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆಯಡಿ ಒಡಿಶಾ, ಜಾರ್ಖಂಡ್‌ಗಳಿಂದ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಬರುವ ಹುಡುಗಿಯರನ್ನು ನೆನೆಯಿರಿ. ಹಾಸ್ಟೆಲಿನ ಕಟ್ಟುಪಾಡು, ಭಾಷೆ ಬಾರದ ಊರು, ಉತ್ಪಾದನೆಯ ಗುರಿ ಇವುಗಳ ನಡುವೆ ಬೇಸತ್ತು ಊರಿಗೆ ಮರಳುವವರು ಕಡಿಮೆಯಿಲ್ಲ. ಮೊದಲ ತಿಂಗಳ ಅಂಕಿ ಅವರ ಕೆಲಸವನ್ನು ಹೇಳುತ್ತದೆಯೇ ಹೊರತು ಮರಳಿದ ಕಾರಣವನ್ನಲ್ಲ.

ಹಾಗಾದರೆ ಆಗಬೇಕಾದ್ದೇನು? ಸೇರಿದವರೆಲ್ಲರನ್ನೂ ಲೆಕ್ಕದೊಳಗೆ ಇರಿಸಬೇಕು. ಸಿಗದವರ ಸಂಖ್ಯೆಯನ್ನು ಮೊದಲ ಪುಟದಲ್ಲೇ ಅಚ್ಚು ಹಾಕಬೇಕು. ಕೆಲಸ ಸಿಕ್ಕಿತೇ ಎಂಬುದರ ಜೊತೆಗೆ ಎಂಥ ಕೆಲಸ, ಎಷ್ಟು ಸಂಬಳ, ವರ್ಷದ ನಂತರವೂ ಉಳಿದಿದೆಯೇ, ಬಿಟ್ಟಿದ್ದರೆ ಏಕೆ ಎಂದು ಕೇಳಬೇಕು. ಉತ್ತರಗಳನ್ನು ಜಾತಿ, ಲಿಂಗ, ಜಿಲ್ಲೆಗಳ ಪ್ರಕಾರ ಬಿಡಿಸಿ ಪ್ರಕಟಿಸಬೇಕು. ಕೇಳುವವರು ತರಬೇತಿ ಕೊಟ್ಟ ಸಂಸ್ಥೆಗೆ ಸಂಬಂಧಿಸಿದವರಾಗಿರಬಾರದು. ಕೆನಡಾದ ಅಂಕಿಅಂಶ ಸಂಸ್ಥೆ ಕಲಿಕೆಯ ದಾಖಲೆಗಳನ್ನು ತೆರಿಗೆಯ ದಾಖಲೆಗಳೊಡನೆ ಹೆಸರು ಮರೆಮಾಡಿ ಜೋಡಿಸುತ್ತದೆ. ಹೀಗಾಗಿ ಫೋನು ಎತ್ತದವರ ಬಗೆಗೂ ಒಂದಿಷ್ಟು ತಿಳಿಯುತ್ತದೆ. ಕರ್ನಾಟಕದಲ್ಲಿ ಭವಿಷ್ಯ ನಿಧಿಯ ದಾಖಲೆಗಳನ್ನು ನೋಡಿದರೆ ಸಾಕೆಂಬ ಸಲಹೆ ಕೇಳಿಬರುತ್ತದೆ. ಆದರೆ ಆ ಕಾಯ್ದೆ ಮುಖ್ಯವಾಗಿ ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುವಂಥದ್ದು. ಅಂಗಡಿ, ಗ್ಯಾರೇಜು, ಹೊಲ, ಡೆಲಿವರಿ ಬೈಕಿನ ಮೇಲೆ ದುಡಿಯುವವರು ಅಲ್ಲಿ ಕಾಣರು. ಅಂಥವರಿಗಾಗಿ ಮನೆಬಾಗಿಲ ಮಾದರಿ ಸಮೀಕ್ಷೆಯೇ ಬೇಕು.

ಒಂದು ಎಚ್ಚರಿಕೆ. ಅನುಸರಣೆಯೆಂಬುದು ಕಾವಲಾಗಬಾರದು. ಬಡವರ ಮಕ್ಕಳು ಮೂರು ಸಾವಿರ ರೂಪಾಯಿಗಾಗಿ ತಮ್ಮ ಬದುಕಿನ ಪ್ರತಿ ಹೆಜ್ಜೆಯನ್ನೂ ಸರ್ಕಾರಕ್ಕೆ ಒಪ್ಪಿಸಬೇಕಾಗಿಲ್ಲ. ಕೊಟ್ಟ ಉತ್ತರದಿಂದ ಸಿಗುತ್ತಿರುವ ನೆರವು ನಿಲ್ಲುವ ಭಯವಿದ್ದರೆ ಯಾರೂ ನಿಜ ಹೇಳಲಾರರು. ಆದ್ದರಿಂದ ಹಣ ನಿಲ್ಲಿಸುವ ಕಚೇರಿಯೇ ಬೇರೆ, ಬದುಕು ಹೇಗಿದೆಯೆಂದು ಕೇಳುವವರೇ ಬೇರೆಯಾಗಿರಬೇಕು.

ಹೊರನಾಡಿನ ನಮ್ಮ ಪಾಲೂ ಇದರಲ್ಲಿದೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ಊರಿನ ಯುವಜನರ ಕೌಶಲ ತರಬೇತಿಗೆಂದು ದೇಣಿಗೆ ಎತ್ತುತ್ತೇವೆ. ಮರುವರ್ಷ ಪ್ರಮಾಣಪತ್ರ ಹಿಡಿದ ಮಕ್ಕಳ ಫೋಟೊ ನೋಡಿ ಚಪ್ಪಾಳೆ ತಟ್ಟುತ್ತೇವೆ. ಮುಂದಿನ ಸಲ ಆ ಫೋಟೊ ಬಂದಾಗ, ಅದರ ಹಿಂದಿನ ವರ್ಷದ ಫೋಟೊದಲ್ಲಿದ್ದವರು ಈಗೇನು ಮಾಡುತ್ತಿದ್ದಾರೆಂದು ಕೇಳೋಣ; ಆ ವಿಚಾರಣೆಗೆ ತಗಲುವ ಖರ್ಚನ್ನೂ ದೇಣಿಗೆಯಲ್ಲಿ ಸೇರಿಸೋಣ. ನಮ್ಮ ಸಮಿತಿಯ ವರದಿಯನ್ನು ನಾನು ಒಂದು ಷರಾದೊಡನೆ ಹಿಂದಿರುಗಿಸಿದ್ದೇನೆ: ಕೊನೆಯ ಪುಟದ ಆ ಸಾಲನ್ನು ಮೊದಲ ಪುಟಕ್ಕೆ ತನ್ನಿ, ಮತ್ತೆ ಹುಡುಕಿ. ಯುವನಿಧಿಯ ಮೊದಲ ತಂಡದ ಬಗ್ಗೆ ಕರ್ನಾಟಕ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಯೂ ಇದೇ.