ದಂಡು ನಡೆದ ದಾರಿ: ಗುಂಡ್ಲುಪೇಟೆ ಸೀಮೆಯ ಕ್ಷೇತ್ರಾಧ್ಯಯನ ಕುರಿತು ಒಂದು ಪ್ರಸ್ತಾವ

ಯುದ್ಧಗಳ ಚರಿತ್ರೆಯನ್ನು ಕನ್ನಡ ಸಂಶೋಧನೆಯು ಬಹುಮಟ್ಟಿಗೆ ಕಾಲದ ನೆಲೆಯಲ್ಲಿ ಓದುತ್ತ ಬಂದಿದೆ. ಯಾವ ಅರಸ, ಯಾವ ವರ್ಷ, ಯಾರ ಮೇಲೆ ದಂಡೆತ್ತಿ ಹೋದ, ಗೆಲುವು ಯಾರದಾಯಿತು ಎಂಬ ಪ್ರಶ್ನೆಗಳಿಗೆ ಶಾಸನ, ಕಾವ್ಯಗಳ ನೆರವಿನಿಂದ ಉತ್ತರ ಹುಡುಕುವ ಕೆಲಸ ಒಂದು ಶತಮಾನಕ್ಕೂ ಮಿಗಿಲಾಗಿ ನಡೆದಿದೆ. ಆದರೆ ಆ ದಂಡು ಯಾವ ದಾರಿಯಲ್ಲಿ ನಡೆಯಿತು, ಎಲ್ಲಿ ನೀರು ಕುಡಿಯಿತು, ಯಾವ ಊರಿನ ಬೆಳೆಯನ್ನು ತುಳಿಯಿತು ಎಂಬ ಪ್ರಶ್ನೆಗಳು ಅಷ್ಟೇ ಶ್ರದ್ಧೆಯಿಂದ ಕೇಳಲ್ಪಟ್ಟಿಲ್ಲ. ಚರಿತ್ರೆಗೆ ಕಾಲವಿರುವಂತೆ ನೆಲವೂ ಇದೆ ಎಂಬುದನ್ನು ಮರೆತಾಗ ಶಾಸನವು ಕೇವಲ ತೇದಿಯಾಗಿಯೂ ಕಾವ್ಯವು ಕೇವಲ ವರ್ಣನೆಯಾಗಿಯೂ ಉಳಿಯುತ್ತವೆ.

ಅನ್ಯದೇಶಗಳಲ್ಲಿ ರಣಭೂಮಿಗಳನ್ನು ಕಾಲ್ನಡಿಗೆಯಿಂದ ಓದುವ ಪದ್ಧತಿ ಬೆಳೆದಿದೆ. ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ 1863ರ ಜುಲೈ 3ರಂದು ದಕ್ಷಿಣದ ಸೈನಿಕರು ಮುನ್ನುಗ್ಗಿದ ಸುಮಾರು ಒಂದು ಮೈಲಿಯ ಬಯಲನ್ನು ಇಂದಿಗೂ ನಡೆದು ದಾಟಬಹುದು. ನೆಲದ ಏರುತಗ್ಗುಗಳನ್ನು ಕಾಲು ಅರಿತಾಗ ಆ ಸೋಲಿನ ಕಾರಣ ಪುಸ್ತಕಕ್ಕಿಂತ ಸ್ಪಷ್ಟವಾಗುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ನಿದರ್ಶನವೆಂದರೆ ಶ್ರೀರಂಗಪಟ್ಟಣ. 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಕಾವೇರಿಯನ್ನು ದಾಟಿ ಕೋಟೆಯ ಒಡಕಿನೊಳಗೆ ನುಗ್ಗಿದ ತಾಣ ಗುರುತಾಗಿ ಉಳಿದಿದೆ. ಆದರೆ ಇವೆರಡೂ ಒಂದು ದಿನದ, ಒಂದು ಬಯಲಿನ ಕಾಳಗಗಳು. ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯ ಸಮಸ್ಯೆ ಬೇರೆ ಬಗೆಯದು. ಈ ಸೀಮೆಯ ಯುದ್ಧಸ್ಮೃತಿ ನಿಂತಿರುವುದು ಒಂದು ರಣರಂಗದ ಮೇಲಲ್ಲ, ದಾರಿಗಳ ಮೇಲೆ. ದಕ್ಷಿಣಕ್ಕೆ ನೀಲಗಿರಿ, ನೈಋತ್ಯಕ್ಕೆ ವಯನಾಡು, ಆಗ್ನೇಯಕ್ಕೆ ಕೊಂಗುನಾಡು; ಈ ಮೂರಕ್ಕೂ ಮೈಸೂರು ಪ್ರಸ್ಥಭೂಮಿಯಿಂದ ಇಳಿಯುವ ಹಾದಿಗಳು ಇಲ್ಲಿಂದಲೇ ಕವಲೊಡೆಯುತ್ತವೆ. ಇದು ದಂಡು ಹಾದುಹೋದ ನಾಡು.

ಈ ಮಾತಿಗೆ ಬಹು ಹಳೆಯ ಆಧಾರವಿದೆ. ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನ ಪರಾಕ್ರಮವನ್ನು ಹೇಳುತ್ತದೆ. ತೋದರನ್ನು ಬೆದರಿಸಿದ್ದು, ಕೊಂಗರನ್ನು ಹಿಮ್ಮೆಟ್ಟಿಸಿದ್ದು, ಮಲೆಯಾಳರನ್ನು ಮಣಿಸಿದ್ದು, ನೀಲಾದ್ರಿಯನ್ನು ಹೊಕ್ಕಿದ್ದು ಅದರಲ್ಲಿ ಉಲ್ಲೇಖಗೊಂಡಿವೆ. ತೋದರನ್ನು ಹೆಸರಿಸುವ ಅತ್ಯಂತ ಹಳೆಯ ದಾಖಲೆಗಳಲ್ಲೊಂದೆಂದು ವಿದ್ವಾಂಸರು ಇದನ್ನು ಪದೇ ಪದೇ ಉಲ್ಲೇಖಿಸಿದ್ದಾರೆ. ಗಮನಿಸಬೇಕಾದ ಅಂಶ ಇನ್ನೊಂದಿದೆ. ಶಾಸನವು ಸೋತ ಜನರ ಪಟ್ಟಿಯನ್ನು ಕೊಡುತ್ತದೆ, ದಾರಿಯನ್ನು ಕೊಡುವುದಿಲ್ಲ. ಬಸದಿಯಿಂದ ನೀಲಗಿರಿಯವರೆಗಿನ ನೆಲವೆಲ್ಲ ಆ ಪಠ್ಯದಲ್ಲಿ ಮೌನವಾಗಿದೆ. ಆ ಮೌನವನ್ನು ತುಂಬಬೇಕಾದುದು ಮತ್ತೊಂದು ಶಾಸನಪಾಠದಿಂದಲ್ಲ, ಕ್ಷೇತ್ರಕಾರ್ಯದಿಂದ.

ಕ್ಷೇತ್ರಕಾರ್ಯಕ್ಕೆ ಹೊರಟವರಿಗೆ ಎದುರಾಗುವ ಮೊದಲ ತೊಡಕು ಹೆಸರುಗಳದು. ಇಂದಿನ ಚಾಮರಾಜನಗರ 1818ಕ್ಕೆ ಮೊದಲು ಅರಿಕುಠಾರವಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರನ್ನು ಅದಕ್ಕಿಟ್ಟರು. ಗುಂಡ್ಲುಪೇಟೆಗೆ ವಿಜಯಪುರವೆಂಬ ಹೆಸರಿತ್ತು. ಕುಡುಗುನಾಡಿನ ಮುಖ್ಯ ಪಟ್ಟಣವಾಗಿದ್ದ ತೆರಕಣಾಂಬಿ ಸಂಸ್ಕೃತ ಬರೆಹಗಳಲ್ಲಿ ತ್ರಿಕದಂಬನಗರಿಯಾಗುತ್ತದೆ. ಇಂಗ್ಲಿಷರ ಯುದ್ಧವರದಿಗಳಲ್ಲಿ ಗಜ್ಜಲಹಟ್ಟಿ ಕಣಿವೆಯು ಗುಜೆಲ್‌ಹಟ್ಟಿಯಾಗಿದೆ. ಈ ರೂಪಾಂತರಗಳನ್ನು ಬಿಡಿಸಬಲ್ಲವರು ಸೇನಾ ಇತಿಹಾಸಕಾರರಿಗಿಂತ ಹೆಚ್ಚಾಗಿ ಭಾಷಾಭ್ಯಾಸಿಗಳು. ದಂಡಿನ ದಾರಿಯ ಶೋಧ ಕನ್ನಡ ವಿಭಾಗಗಳಿಗೆ ಸಲ್ಲುವ ಕೆಲಸವೆನ್ನಲು ಇದೊಂದೇ ಕಾರಣ ಸಾಕು.

ಎರಡನೆಯ ತೊಡಕು ನೆಲವೇ ಕಾಣೆಯಾಗಿರುವುದು. ಮೂರನೆಯ ಮೈಸೂರು ಯುದ್ಧದಲ್ಲಿ, 1790ರ ಸೆಪ್ಟೆಂಬರಿನಲ್ಲಿ, ಟಿಪ್ಪುವಿನ ಸೈನ್ಯ ಗಜ್ಜಲಹಟ್ಟಿ ಕಣಿವೆಯನ್ನು ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡ್‌ನ ಪಡೆಯನ್ನು ಎದುರಿಸಿ ಹಿಮ್ಮೆಟ್ಟಿಸಿತು. ಅದೇ ಕಣಿವೆಯನ್ನು ಹತ್ತಿ ಮೈಸೂರಿನೊಳಗೆ ಬರಬೇಕೆಂಬುದು ಜನರಲ್ ಮೆಡೋಸ್‌ನ ಯೋಜನೆಯಾಗಿತ್ತು. ಹೀಗೆ ಒಂದೇ ಹಾದಿ ಒಬ್ಬರಿಗೆ ಇಳಿಯುವ ದಾರಿಯೂ ಇನ್ನೊಬ್ಬರಿಗೆ ಏರುವ ದಾರಿಯೂ ಆಗಿತ್ತು. ಇಂದು ಕಣಿವೆಯ ಪ್ರದೇಶ ಸತ್ಯಮಂಗಲ ಹುಲಿ ಸಂರಕ್ಷಿತಾರಣ್ಯದೊಳಗಿದೆ. ವಾಹನಗಳು ಹಾದುಹೋಗುವುದು ದಿಂಬಂ ಘಟ್ಟದ 27 ತಿರುವುಗಳ ಬೇರೊಂದು ರಸ್ತೆಯಲ್ಲಿ. ಕಣಿವೆಯ ಕೆಳಗೆ ಮೋಯಾರ್ ಮತ್ತು ಭವಾನಿ ಕೂಡುವಲ್ಲಿದ್ದ ದಣ್ಣಾಯಕನಕೋಟೆ 1955ರಲ್ಲಿ ಪೂರ್ಣಗೊಂಡ ಭವಾನಿಸಾಗರ ಜಲಾಶಯದಲ್ಲಿ ಮುಳುಗಿದೆ. ತೆರಕಣಾಂಬಿಯಿಂದ ಆಳಿದ, ಪೆರುಮಾಳೆ ದಣ್ಣಾಯಕನ ಮಗ ಮಾಧವ ದಣ್ಣಾಯಕನ ವಂಶದ ನೆನಪನ್ನು ಹೆಸರಿನಲ್ಲೇ ಹೊತ್ತ ಕೋಟೆ ಅದು. ಬರಗಾಲದಲ್ಲಿ ನೀರು ಇಳಿದಾಗ ಮಾತ್ರ ಅಲ್ಲಿನ ದೇವಾಲಯ ತಲೆಯೆತ್ತುತ್ತದೆ. ದಾರಿಯ ಒಂದು ತುದಿ ಕಾಡಿನೊಳಗೆ, ಇನ್ನೊಂದು ತುದಿ ನೀರಿನೊಳಗೆ ಸೇರಿದ ಮೇಲೆ ಉಳಿದಿರುವುದು ಗುಂಡ್ಲುಪೇಟೆ, ಚಾಮರಾಜನಗರಗಳ ಬಯಲು ಭಾಗವೊಂದೇ. ಅದಾದರೂ ಉಳಿಯುವುದೇ ಎಂಬುದು ಇಂದಿನ ಪ್ರಶ್ನೆ.

ಬಯಲಿನಲ್ಲಿ ದಾರಿಯ ಗುರುತು ಹೇಳುವ ಸಾಕ್ಷಿಗಳಲ್ಲಿ ವೀರಗಲ್ಲುಗಳಿಗೆ ಅಗ್ರಸ್ಥಾನ ಸಲ್ಲಬೇಕು. ತುರುಗೋಳಿನಲ್ಲಿ ಮಡಿದವನ ಕಲ್ಲು ಸಾಮಾನ್ಯವಾಗಿ ಅವನ ಊರಿನ ಎಲ್ಲೆಯಲ್ಲೋ ಕಾದಾಟ ನಡೆದ ಆಸುಪಾಸಿನಲ್ಲೋ ನಿಲ್ಲುತ್ತಿತ್ತು. ಆದ್ದರಿಂದ ಕಲ್ಲಿನ ಬರೆಹ ಎಷ್ಟು ಮುಖ್ಯವೋ ಅದು ನಿಂತ ಜಾಗವೂ ಅಷ್ಟೇ ಮುಖ್ಯ. ಜಾಗವೆಂಬುದು ಆ ಶಾಸನದ ಕೆತ್ತದ ಸಾಲು. ಬರೆಹವೇ ಇಲ್ಲದ ಕಲ್ಲುಗಳ ವಿಷಯದಲ್ಲಂತೂ ಜಾಗವೇ ಮುಖ್ಯ ಸಾಕ್ಷಿ. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1974ರಲ್ಲಿ ಹೊರತಂದ ಪರಿಷ್ಕೃತ ಮೂರನೆಯ ಸಂಪುಟದಲ್ಲಿಯೂ ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳು ಸೇರಿವೆ. ಇಂಥ ಸಂಪುಟಗಳಲ್ಲಿ ಕಲ್ಲಿನ ನೆಲೆಯನ್ನು ಊರ ಮುಂದೆ, ಕೆರೆಯ ಏರಿಯ ಬಳಿ, ಇಂಥವರ ಹೊಲದಲ್ಲಿ ಎಂಬ ಮಾದರಿಯಲ್ಲಿ ಗುರುತಿಸುವುದು ರೂಢಿ. ಆ ಕಾಲಕ್ಕೆ ಅದು ಸಾಕಾಗಿತ್ತು. ಇಂದು ಹೊಲದ ಒಡೆಯರು ಬದಲಾಗಿದ್ದಾರೆ, ಊರಿನ ಮುಂಭಾಗವೇ ಬೇರೆಯಾಗಿದೆ. ರಸ್ತೆ ಅಗಲಿಸುವಾಗ, ಹೊಲ ಸಮಮಾಡುವಾಗ, ದೇವಾಲಯ ಜೀರ್ಣೋದ್ಧಾರ ಮಾಡುವಾಗ ಕಲ್ಲುಗಳು ಸ್ಥಳಾಂತರಗೊಳ್ಳುತ್ತವೆ. ಅವನ್ನು ಗುಡಿಯ ಅಂಗಳದಲ್ಲೋ ವಸ್ತುಸಂಗ್ರಹಾಲಯದಲ್ಲೋ ಸಾಲಾಗಿ ನಿಲ್ಲಿಸಿದಾಗ ಕಲ್ಲು ಉಳಿಯಿತೆಂಬ ಸಮಾಧಾನ ಮೂಡುತ್ತದೆ. ಮೂಲ ಜಾಗವನ್ನು ದಾಖಲಿಸದಿದ್ದರೆ ಉಳಿದದ್ದು ಶಿಲ್ಪ ಮಾತ್ರ, ಸಾಕ್ಷ್ಯ ಅಳಿದುಹೋಗಿರುತ್ತದೆ.

ದಾರಿಯ ಶೋಧದಲ್ಲಿ ಸೈನಿಕನಿಗಿಂತ ಎತ್ತಿನ ಜಾಡನ್ನು ಹಿಡಿಯುವುದು ಹೆಚ್ಚು ಫಲಕಾರಿ. ಫಿರಂಗಿ, ಮದ್ದುಗುಂಡು, ಅಕ್ಕಿಮೂಟೆಗಳನ್ನು ಎಳೆದದ್ದು, ಹೊತ್ತದ್ದು ಎತ್ತುಗಳು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೇ ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲಾಗಿ ಸೈನ್ಯದ ಸಾಗಣೆಯ ಬೆನ್ನೆಲುಬಾಯಿತು. ಲಂಬಾಣಿಗರ ಹೇರೆತ್ತುಗಳ ನೆರವಿಲ್ಲದೆ 1791-92ರ ದಂಡಯಾತ್ರೆ ಇಂಗ್ಲಿಷರಿಗೂ ಸಾಧ್ಯವಾಗುತ್ತಿರಲಿಲ್ಲ. ಸಾವಿರಾರು ಎತ್ತುಗಳು ನಡೆಯಬೇಕಾದರೆ ದಿನದ ಪ್ರಯಾಣದ ಅಂತರದಲ್ಲಿ ಕೆರೆಯಿರಬೇಕು, ಕಾವಲು ಇರಬೇಕು. ಹಾಗಾಗಿ ಹಳೆಯ ಕೆರೆ, ಕಾವಲು, ಸಂತೆ, ಸುಂಕದಕಟ್ಟೆಗಳನ್ನು ಭೂಪಟದಲ್ಲಿ ಗುರುತಿಸಿ, ಅದರ ಮೇಲೆ ವೀರಗಲ್ಲುಗಳ ಮೂಲ ನೆಲೆಗಳನ್ನಿಟ್ಟರೆ ದಾರಿಯ ಮೊದಲ ರೇಖೆ ಮೂಡುತ್ತದೆ.

ಕಾವ್ಯಗಳ ಪಾತ್ರವೇನು ಎಂಬುದನ್ನೂ ಇಲ್ಲಿ ವಿವೇಚಿಸಬೇಕು. ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ (1648), ತಿರುಮಲಾರ್ಯನ ‘ಚಿಕದೇವರಾಜ ವಿಜಯ’ಗಳಂತಹ ಚಾರಿತ್ರಿಕ ಕಾವ್ಯಗಳಲ್ಲಿ ದಂಡಯಾತ್ರೆಯು ವರ್ಣನೆಯ ಸಂಪ್ರದಾಯಕ್ಕೆ ಒಳಪಟ್ಟಿದೆ. ಅವನ್ನು ಭೂಪಟದಂತೆ ಓದುವುದು ತಪ್ಪು. ಆದರೆ ಉತ್ಪ್ರೇಕ್ಷೆಯೆಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ಕವಿಸಮಯಕ್ಕೆ ಬೇಕಿಲ್ಲದ ಸಣ್ಣ ಊರೊಂದರ ಹೆಸರು ಕಾವ್ಯದಲ್ಲಿ ಬಂದರೆ ಅದು ಅನುಭವದ ಕುರುಹಾಗಿರುವ ಸಾಧ್ಯತೆ ಹೆಚ್ಚು. ಅರಸುತನಕ್ಕೆ ಬರುವ ಮೊದಲು ಚಿಕ್ಕದೇವರಾಜರು ಹಂಗಳದಲ್ಲಿ ನಿರ್ಬಂಧದಲ್ಲಿದ್ದರು. ಮುಂದೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಈ ಸೀಮೆಯ ಪರಿಚಯ ಆಸ್ಥಾನಕ್ಕೆ ಕೇಳಿಬಲ್ಲದ್ದಲ್ಲ, ನಡೆದುಬಲ್ಲದ್ದು.

ಮೌಖಿಕ ಪರಂಪರೆ ಇನ್ನೂ ಮುಂದೆ ಹೋಗುತ್ತದೆ. ಕಂಸಾಳೆಯವರ ಮಾದೇಶ್ವರ ಕಾವ್ಯವೂ ನೀಲಗಾರರ ಮಂಟೇಸ್ವಾಮಿ ಕಾವ್ಯವೂ ಮೂಲತಃ ನಡಿಗೆಯ ಕಾವ್ಯಗಳು. ನಾಯಕರು ಊರಿಂದೂರಿಗೆ ನಡೆಯುತ್ತಲೇ ಕಥೆ ಬೆಳೆಯುತ್ತದೆ. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಪರಿಪಾಠ ಇಂದಿಗೂ ಜೀವಂತವಾಗಿದೆ. ದಂಡಿನ ದಾರಿ, ದನದ ದಾರಿ, ದೇವರ ದಾರಿ ಎಂಬಿವು ಹಲವೆಡೆ ಒಂದೇ ಆಗಿರುವುದರಲ್ಲಿ ಅಚ್ಚರಿಯಿಲ್ಲ. ಯುದ್ಧ ಮುಗಿದ ಮೇಲೆ ದಾರಿಯನ್ನು ಉಳಿಸಿಕೊಂಡವರು ದನಗಾಹಿಗಳು ಮತ್ತು ಹರಕೆಯವರು.

ಇಂತಹ ಶೋಧ ಯುದ್ಧವೈಭವಕ್ಕೆ ದಾರಿಮಾಡುವುದಿಲ್ಲವೇ ಎಂಬ ಆಕ್ಷೇಪ ಸಹಜ, ನ್ಯಾಯವೂ ಹೌದು. ದಾಳಿಯ ದಾರಿಯನ್ನು ದಾಳಿಕಾರನ ಕಣ್ಣಿನಿಂದಷ್ಟೇ ನೋಡಿದರೆ ಆ ಅಪಾಯವಿದೆ. ಆದರೆ ಪುಣಿಸಮಯ್ಯನ ಶಾಸನದಲ್ಲಿ ಬೆದರಿದವರೆಂದಷ್ಟೇ ಕಾಣಿಸಿಕೊಳ್ಳುವ ತೋದರು, ತುರು ಕಾಯಲು ಹೋಗಿ ಮಡಿದ ಗೋವಳ, ಹೇರೆತ್ತಿನ ಲಂಬಾಣಿಗ ಇವರೆಲ್ಲ ಅದೇ ದಾರಿಯ ಜನ. ಅರಸರ ಚರಿತ್ರೆಯಲ್ಲಿ ಇವರಿಗೆ ಜಾಗವಿಲ್ಲ. ದಾರಿಯ ಚರಿತ್ರೆಯಲ್ಲಿ ಇವರನ್ನು ಬಿಟ್ಟು ಮುಂದೆ ಹೋಗಲಾಗದು.

ಇನ್ನೊಂದು ಅಪಾಯ ಪ್ರವಾಸೋದ್ಯಮದ್ದು. ಆಧಾರವಿಲ್ಲದ ಹಾದಿಯೊಂದಕ್ಕೆ ಟಿಪ್ಪುವಿನ ದಾರಿ, ದಣ್ಣಾಯಕನ ದಾರಿ ಎಂದು ಫಲಕ ನೆಟ್ಟರೆ ಮುಂದಿನ ತಲೆಮಾರಿಗೆ ಆ ಫಲಕವೇ ಆಕರವಾಗುತ್ತದೆ. ಆದ್ದರಿಂದ ಗುರುತಿಸಿದ ಪ್ರತಿ ತುಣುಕನ್ನೂ ಮೂರು ದರ್ಜೆಗಳಲ್ಲಿ ಇಡುವುದು ಅಗತ್ಯ. ಶಾಸನ ಅಥವಾ ಸಮಕಾಲೀನ ದಾಖಲೆಯ ಬಲವಿರುವುದು ಖಚಿತ. ಕೆರೆ, ಕಾವಲು, ವೀರಗಲ್ಲುಗಳ ಜೋಡಣೆಯಿಂದ ಊಹಿಸಿದ್ದು ಸಂಭಾವ್ಯ. ಜನರ ಹೇಳಿಕೆಯಲ್ಲಿ ಮಾತ್ರವಿರುವುದು ಐತಿಹ್ಯ. ಐತಿಹ್ಯವನ್ನು ಬಿಡಬೇಕಾಗಿಲ್ಲ, ಐತಿಹ್ಯವೆಂದೇ ಬರೆದುಕೊಳ್ಳಬೇಕು.

ಕೆಲಸವನ್ನು ಆರಂಭಿಸಲು ಎರಡು ನಡಿಗೆಗಳು ಸಾಕು. ಒಂದು, ಚಾಮರಾಜನಗರದ ಬಸದಿಯಿಂದ ಹರದನಹಳ್ಳಿಯ ಕಡೆಗೆ. ಇನ್ನೊಂದು, ತೆರಕಣಾಂಬಿ, ತ್ರಿಯಂಬಕಪುರಗಳಿಂದ ಗುಂಡ್ಲುಪೇಟೆಯ ಮೂಲಕ ಹಂಗಳದವರೆಗೆ. ಎರಡೂ ಊರುಗಳ ನಡುವಿನ ಬಯಲು ದಾರಿಗಳು. ಹಂಗಳದಾಚೆ 1973ರಿಂದ ಹುಲಿ ಯೋಜನೆಗೆ ಒಳಪಟ್ಟ ಬಂಡೀಪುರದ ಕಾಡು ಆರಂಭವಾಗುತ್ತದೆ. ಅಲ್ಲಿ ನಡಿಗೆ ನಿಲ್ಲಬೇಕು. ಕಾಡಿನೊಳಗಿನ ಹಾದಿ, ಹಳ್ಳ, ಗುಡ್ಡಗಳ ಹೆಸರುಗಳನ್ನು ಸೋಲಿಗ, ಜೇನುಕುರುಬ, ಬೆಟ್ಟಕುರುಬ ಹಿರಿಯರಿಂದ ಕೇಳಿ ಬರೆದುಕೊಳ್ಳಲು ಕಾಡನ್ನು ತುಳಿಯಬೇಕಾಗಿಲ್ಲ. ಆ ಹಿರಿಯರ ನೆನಪಿಗೆ ಕಲ್ಲಿಗಿರುವಷ್ಟು ಆಯುಷ್ಯವಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಚಾಮರಾಜನಗರ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಯ ಕಾಲೇಜುಗಳಲ್ಲಿ ಕನ್ನಡ ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಈ ದಾರಿಗಳ ಊರಿನವರೇ. ಒಂದೊಂದು ತಂಡಕ್ಕೆ ಒಂದೊಂದು ಹೋಬಳಿಯನ್ನು ವಹಿಸಿ, ಶಾಸನ ಸಂಪುಟವನ್ನು ಕೈಯಲ್ಲಿ ಹಿಡಿದು, ಪ್ರತಿ ಕಲ್ಲು ಇಂದು ಎಲ್ಲಿದೆ, ಮೊದಲು ಎಲ್ಲಿತ್ತು ಎಂಬುದನ್ನು ಸರ್ವೆ ನಂಬರಿನೊಡನೆ ಬರೆಸಿದರೆ ಅದು ಪದವಿ ತರಗತಿಯ ಕಿರುಪ್ರಬಂಧಕ್ಕೂ ಒದಗುತ್ತದೆ, ನಾಡಿನ ಚರಿತ್ರೆಗೂ ಒದಗುತ್ತದೆ. ಪುಣಿಸಮಯ್ಯನ ಶಾಸನ ಒಂಬತ್ತು ಶತಮಾನಗಳಿಂದ ತನ್ನ ಜಾಗದಲ್ಲಿದೆ. ಅದರ ಮುಂದಿನ ದಾರಿಯನ್ನು ಹೇಳಬೇಕಾದ ಕಲ್ಲುಗಳಿಗೆ ಅಂಥ ಭರವಸೆಯಿಲ್ಲ. ಅವು ಕದಲುವ ಮೊದಲೇ ಅವುಗಳ ನೆಲೆಯನ್ನು ಬರೆದಿಡುವುದು ಕನ್ನಡ ವಿಭಾಗಗಳ ಮುಂದಿರುವ ತುರ್ತು ಕೆಲಸ.