ವೃಷಭಾಚಲದಲ್ಲಿ ಜಾಗವಿಲ್ಲ



ನಾನು ಹತ್ತಿ, ಶೇಂಗಾ ದಲಾಲಿ ಅಂಗಡಿಯವನು. ಯಾವ ಮಾಲು ಬಂದರೂ ಮೊದಲು ತೂಕ, ಆಮೇಲೆ ದರ. ಆದರೆ ಒಂದು ಸರಕನ್ನು ಮಾತ್ರ ತೂಗದೆ, ದರ ಕೇಳದೆ ಕೊಂಡುಬಿಡುತ್ತೇವೆ. ಅದರ ಹೆಸರೇ ‘ಹೆಸರು’. ಅದನ್ನು ಕೊಂಡು ನಾನು ಹೊತ್ತ ನಷ್ಟದ ಲೆಕ್ಕವನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇನೆ.

ಮೊದಲು ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಕಥೆ. ಭರತ ಚಕ್ರವರ್ತಿ ಷಟ್ಖಂಡ ಗೆದ್ದು ವೃಷಭಾಚಲಕ್ಕೆ ಬಂದ. ತನ್ನ ಕೀರ್ತಿಯನ್ನು ಬೆಟ್ಟದ ಮೇಲೆ ಬರೆಸಬೇಕೆಂದು ಕಾಕಿಣೀರತ್ನ ಹಿಡಿದು ನಿಂತ. ನೋಡಿದರೆ ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳೇ. ಬರೆಯಲು ಅಂಗೈಯಗಲ ಜಾಗವಿಲ್ಲ! ಕೊನೆಗೆ ಒಬ್ಬರ ಹೆಸರು ಅಳಿಸಿ ತನ್ನ ಹೆಸರು ಬರೆಸಿದ. ಜಿನಸೇನಾಚಾರ್ಯರು ಹೇಳಿದ ಈ ಪ್ರಸಂಗವನ್ನು ಪಂಪ ಕವಿ 941ರಲ್ಲಿ ಮುಗಿಸಿದ ಆದಿಪುರಾಣದಲ್ಲಿ ಕನ್ನಡಕ್ಕೆ ತಂದಿದ್ದಾನೆ. ಇವನ ಹೆಸರನ್ನು ಅಳಿಸುವವನೂ ಮುಂದೆ ಒಬ್ಬ ಬಂದೇ ಬರುತ್ತಾನೆ ಎಂಬುದು ಓದುವ ಯಾರಿಗಾದರೂ ಹೊಳೆಯುತ್ತದೆ.

ನಾವು ಅಷ್ಟಕ್ಕೇ ಕಥೆ ನಿಲ್ಲಿಸುತ್ತೇವೆ. ಅದರ ಮುಂದಿನ ಖರ್ಚನ್ನೂ ಬರೆದುಕೊಳ್ಳಬೇಕು. ತಮ್ಮಂದಿರೂ ಬಂದು ತಲೆಬಾಗಲಿ ಎಂದು ಭರತ ಹೇಳಿ ಕಳಿಸಿದ. ಅವರು ರಾಜ್ಯ ಬಿಟ್ಟು ದೀಕ್ಷೆಗೆ ಹೊರಟುಹೋದರು. ಉಳಿದ ಬಾಹುಬಲಿ ಗೆದ್ದ ಮೇಲೂ ಬಿಟ್ಟು ಹೋದ. ಲೋಕವೆಲ್ಲ ಕೈಗೆ ಬಂತು, ಪಕ್ಕದಲ್ಲಿ ಕೂತು ಊಟ ಮಾಡಲು ಒಡಹುಟ್ಟಿದವರಿಲ್ಲ. ಕೀರ್ತಿಯ ನಿಜವಾದ ದರ ಅದು.

ಈಗ ನನ್ನ ಲೆಕ್ಕ. 2004ರ ಮಾತು. ಸಮೀಪದ ಊರೊಂದರಲ್ಲಿ ಪಂಚಕಲ್ಯಾಣ. ಅದಕ್ಕೆ ಹದಿನೈದು ದಿನ ಮುಂಚೆ ನನ್ನ ತಮ್ಮ ಅಂಗಡಿಗೆ ಬಂದು, ಹೆಂಡತಿಗೆ ಬಳ್ಳಾರಿಯಲ್ಲಿ ಆಪರೇಷನ್ ಮಾಡಿಸಬೇಕು, 40,000 ರೂಪಾಯಿ ಬೇಕು ಎಂದ. ‘ಮಾರ್ಕೆಟ್ ತಣ್ಣಗಿದೆ, ಗಲ್ಲಾದಲ್ಲಿ ರೊಕ್ಕ ಇಲ್ಲಪ್ಪ’ ಎಂದೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವನು ಮರುಮಾತಾಡದೆ ಹೋಗಿ ಹೆಂಡತಿಯ ಬಂಗಾರ ಒತ್ತೆ ಇಟ್ಟು ಆಪರೇಷನ್ ಮಾಡಿಸಿದ.

ಪಂಚಕಲ್ಯಾಣದಲ್ಲಿ ಪ್ರಥಮ ಕಲಶದ ಸವಾಲು ನಡೆಯಿತು. ನಾನು ಒಂದು ಮಾತು ಕೂಗಿ ಸುಮ್ಮನಾಗಬೇಕೆಂದು ಕೂತವನು. ಎದುರು ಕೂಗುತ್ತಿದ್ದ ವ್ಯಾಪಾರಿ ಹಿಂದಿರುಗಿ ನನ್ನ ನೋಡಿ ನಕ್ಕ. ಅಷ್ಟೇ ಸಾಕಾಯಿತು. 1,51,000ಕ್ಕೆ ಸವಾಲು ನನ್ನ ಹೆಸರಿಗೆ ನಿಂತಿತು. ಪೇಟ, ಹಾರ, ಮೆರವಣಿಗೆ, ಮೈಕಿನಲ್ಲಿ ಮೂರು ಸಲ ಹೆಸರು. ಎದೆ ಉಬ್ಬಿತ್ತು. ಮನೆಯವಳು ರಾತ್ರಿ ಒಂದೇ ಮಾತು ಕೇಳಿದಳು: ‘ಏನ್ರೀ, ನಿಮ್ಮ ತಮ್ಮನೂ ಅಲ್ಲೇ ಕೂತಿದ್ರಲ್ಲ, ನೋಡಿದಿರಾ?’ ನಾನು ನೋಡಿರಲಿಲ್ಲ. ಅಂದು ನಾನು ನೋಡಿದ್ದು ನನ್ನನ್ನು ನೋಡುತ್ತಿದ್ದವರನ್ನು ಮಾತ್ರ.

ಆ ವರ್ಷ ದೀಪಾವಳಿಯ ಲೆಕ್ಕದ ಪುಸ್ತಕದ ಪೂಜೆಗೆ ತಮ್ಮ ಬರಲಿಲ್ಲ. ಮುಂದೆ ತನ್ನದೇ ಅಂಗಡಿ ಹಾಕಿದ. ಜಗಳವಿಲ್ಲ, ಬೈಗುಳವಿಲ್ಲ. ಮದುವೆ ಮುಂಜಿಗಳಲ್ಲಿ ನಮಸ್ಕಾರ, ಅಷ್ಟೇ. ಹದಿನಾಲ್ಕು ವರ್ಷ ಹೀಗೇ ಕಳೆಯಿತು.

2018ರಲ್ಲಿ ಆ ಬಸದಿಗೆ ಹೋಗಿದ್ದೆ. ಹೊಸ ನೆಲಗಲ್ಲು ಹಾಕಿಸಿದ್ದರು. ನನ್ನ ಹೆಸರಿನ ಅಮೃತಶಿಲೆ ಇದ್ದ ಗೋಡೆಯಲ್ಲಿ ಹೊಸ ದಾನಿಗಳ ಹೆಸರು. ನನ್ನ ಕಲ್ಲನ್ನು ಕಾಲು ತೊಳೆಯುವ ನಲ್ಲಿಯ ಹತ್ತಿರ ಕೂರಿಸಿದ್ದರು. ಮೊದಲು ಸಿಟ್ಟು ಬಂತು, ಆಮೇಲೆ ವೃಷಭಾಚಲ ನೆನಪಾಗಿ ನಗು ಬಂತು. ನನ್ನ ಕಲ್ಲು ಬರುವ ಮೊದಲು ಆ ಗೋಡೆಯಲ್ಲಿ ಯಾರ ಹೆಸರಿತ್ತೆಂದು ನಾನಾದರೂ ಕೇಳಿದ್ದೆನೇ?

ಅಲ್ಲಿಂದ ನೇರ ತಮ್ಮನ ಮನೆಗೆ ಹೋದೆ. ತಪ್ಪಾಯಿತು ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು ಹೇಳಿದ: ‘ಅಣ್ಣ, ರೊಕ್ಕ ಇಲ್ಲ ಅಂದಿದ್ದಕ್ಕ ಸಿಟ್ಟು ಬರಲಿಲ್ಲ. ಮೈಕಿನ್ಯಾಗ ನಿನ್ನ ಹೆಸರು ಕೇಳಿ ಇವಳು ನನ್ನ ಮುಖ ನೋಡಿದ್ಲು. ಅದನ್ನ ಮರೆಯಾಕ ಆಗಲಿಲ್ಲ.’ ಅಷ್ಟರಲ್ಲಿ ಆಕೆಯೇ ಒಳಗಿನಿಂದ ಕಾಫಿ ತಂದಿಟ್ಟಳು. ಈಗ ಹೋಗಿ ಬಂದು ಮಾಡುತ್ತೇವೆ. ಆದರೆ ಹೋದ ಹದಿನಾಲ್ಕು ವರ್ಷ ಯಾವ ಪುಸ್ತಕದಲ್ಲೂ ಜಮಾ ಆಗುವುದಿಲ್ಲ.

ದಾನ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ದಾನಿಗಳಿಲ್ಲದಿದ್ದರೆ ನಮ್ಮ ಒಂದು ಬಸದಿಯೂ ನಿಲ್ಲುತ್ತಿರಲಿಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಕೆಲಸ ದೊಡ್ಡದು, ಹೆಸರು ಅದರ ಹಿಂದೆ ತಾನೇ ಬಂತು. ಶ್ರವಣಬೆಳಗೊಳದಲ್ಲಿ ಅಷ್ಟು ದೊಡ್ಡ ಮೂರ್ತಿ ಮಾಡಿಸಿದ ಚಾವುಂಡರಾಯನ ಕೊಡಗಟ್ಟಲೆ ಹಾಲು ಗೊಮ್ಮಟನ ಪಾದ ಮುಟ್ಟಲಿಲ್ಲ, ಬಡ ಗುಳ್ಳಕಾಯಜ್ಜಿಯ ಚಿಕ್ಕ ಕಾಯಿಯ ಹಾಲು ಮೈಯೆಲ್ಲ ತೋಯಿಸಿತು ಎಂಬ ಪ್ರತೀತಿ ನಿಮಗೆ ಗೊತ್ತೇ ಇದೆ. ತಡೆದದ್ದು ಹಾಲಿನ ಕೊರತೆಯಲ್ಲ, ಮಾನಕಷಾಯ. ತನ್ನನ್ನು ಹೊಗಳಿಕೊಂಡು ಪರರನ್ನು ಹಳಿಯುವುದು ನೀಚಗೋತ್ರದ ಬಂಧಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹೇಳುತ್ತದೆ. ದಶಲಕ್ಷಣ ಪರ್ವದ ಎರಡನೆಯ ದಿನ ಉತ್ತಮ ಮಾರ್ದವದ ಪ್ರವಚನ ಕೇಳಿ ತಲೆದೂಗುತ್ತೇವೆ, ಮರುದಿನವೇ ಆಮಂತ್ರಣ ಪತ್ರಿಕೆಯಲ್ಲಿ ನಮ್ಮ ಹೆಸರು ಎಷ್ಟನೆಯ ಸಾಲಿನಲ್ಲಿದೆ ಎಂದು ಹುಡುಕುತ್ತೇವೆ.

ನಾನು ಈಗ ಪಾಲಿಸುವ ಒಂದು ನಿಯಮ ಹೇಳಿ ಮುಗಿಸುತ್ತೇನೆ. ಸವಾಲಿಗೆ ಹೋಗುವ ಮುನ್ನ ಖಾತೆ ಪುಸ್ತಕ ತೆರೆಯುತ್ತೇನೆ. ರೈತನ ಬಾಕಿ, ಹಮಾಲರ ಕೂಲಿ, ಗುಮಾಸ್ತನ ಸಂಬಳ, ಒಡಹುಟ್ಟಿದವರ ಕಷ್ಟ, ಈ ನಾಲ್ಕೂ ತೀರಿವೆಯೇ ನೋಡುತ್ತೇನೆ. ತೀರಿದ ಮೇಲೆ ಉಳಿದದ್ದರಲ್ಲಿ ಕೊಡುತ್ತೇನೆ. ಚೀಟಿಯಲ್ಲಿ ‘ಒಬ್ಬ ಶ್ರಾವಕ’ ಎಂದು ಬರೆಸುತ್ತೇನೆ. ಆ ಹೆಸರನ್ನು ಯಾರೂ ಅಳಿಸಬೇಕಾಗಿಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಮಾತು ಬಿಟ್ಟ ಒಬ್ಬ ತಮ್ಮನಿದ್ದರೆ, ಪತ್ರಿಕೆ ಮಡಚಿಟ್ಟು ಇವತ್ತೇ ಹೋಗಿ ಬನ್ನಿ.

ಜಯ ಜಿನೇಂದ್ರ.