ದಾಸ್ತಾನಿನ ಭಾರ ಯಾರ ಹೆಗಲಿಗೆ?

ನಿವೃತ್ತನಾದ ಮೇಲೆ ನಾನು ನೆಲೆಸಿರುವ ದೇವಿಕೊಪ್ಪ ಕಲಘಟಗಿ ತಾಲ್ಲೂಕಿನ ಒಂದು ಊರು. ಇಲ್ಲಿಂದ ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಯ ಕಾರ್ಖಾನೆಗಳಿಗೆ ದುಡಿಯಲು ಹೋಗುವ ಹುಡುಗರಿದ್ದಾರೆ. ಇತ್ತೀಚೆಗೆ ಅವರ ಮಾತಿನಲ್ಲಿ ಒಂದು ಪದ ಪದೇಪದೇ ಕೇಳಿಬರುತ್ತಿದೆ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಹೊತ್ತೇರಿದ ಮೇಲೂ ಕುಳಿತಿದ್ದವನೊಬ್ಬನನ್ನು ‘ಯಾಕಪ್ಪ, ಕೆಲಸಕ್ಕೆ ಹೋಗಲಿಲ್ಲವೇ’ ಎಂದು ಕೇಳಿದೆ. ‘ಇವತ್ತ ಪ್ಲ್ಯಾನ್ ಇಲ್ರೀ ಸರ್’ ಎಂದ. ಪ್ಲ್ಯಾನ್ ಇಲ್ಲವೆಂದರೆ ಆ ದಿನ ಅವನ ಯಂತ್ರಕ್ಕೆ ಕೆಲಸವಿಲ್ಲ, ಗುತ್ತಿಗೆ ಕಾರ್ಮಿಕನಾದ ಅವನಿಗೆ ಕೂಲಿಯೂ ಇಲ್ಲ. ಹಿಂದಿನ ರಾತ್ರಿಯೇ ಮೊಬೈಲಿಗೆ ಸಂದೇಶ ಬಂದಿರುತ್ತದೆ.

ಆ ಹುಡುಗ ದುಡಿಯುವ ಘಟಕದ ಮಾಲೀಕ ನನ್ನ ಸಹಪಾಠಿಯೊಬ್ಬರ ಮಗ. ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ ಅದು. ಉತ್ಪಾದನೆಯ ವೇಳಾಪಟ್ಟಿಯನ್ನೂ ದಾಸ್ತಾನನ್ನೂ ನಿರ್ವಹಿಸುವ ತಂತ್ರಾಂಶವೊಂದನ್ನು ಆತ ಸಾಲ ಮಾಡಿ ಹಾಕಿಸಿಕೊಂಡಿದ್ದಾನೆ. ಕುತೂಹಲದಿಂದ ಹೋಗಿ ನೋಡಿದೆ. ಪರದೆಯ ಮೇಲೆ ಒಂದೊಂದು ಯಂತ್ರಕ್ಕೆ ಒಂದೊಂದು ಸಾಲು, ಸಾಲಿನುದ್ದಕ್ಕೂ ಬಣ್ಣದ ಪಟ್ಟಿಗಳು. ಖರೀದಿದಾರ ಕಂಪನಿಗೆ ಮಾಲು ತಲುಪಬೇಕಾದ ದಿನಾಂಕದಿಂದ ತಂತ್ರಾಂಶವು ಹಿಂದಕ್ಕೆ ಎಣಿಸುತ್ತಾ ಬರುತ್ತದೆ. ಇಂಥ ದಿನ ಬಣ್ಣ, ಅದಕ್ಕೆ ಎರಡು ದಿನ ಮೊದಲು ರಂಧ್ರ ಕೊರೆಯುವುದು, ಅದಕ್ಕೂ ಮೊದಲು ಕತ್ತರಿಸುವುದು. ಹಾಗಾದರೆ ಉಕ್ಕಿನ ತಗಡು ಎಂದು ಬರಬೇಕು, ಗೋದಾಮಿನಲ್ಲಿ ಈಗಾಗಲೇ ಎಷ್ಟಿದೆ, ಇನ್ನೆಷ್ಟು ತರಿಸಬೇಕು. ಲೆಕ್ಕ ಇಷ್ಟೇ. ಆದರೆ ಇನ್ನೂರು ಬಗೆಯ ಬಿಡಿಭಾಗಗಳಿಗೆ ಅದನ್ನು ದಿನವೂ ಕೈಯಿಂದ ಮಾಡುವುದು ಮನುಷ್ಯಮಾತ್ರರಿಗೆ ಸಾಧ್ಯವಿಲ್ಲ.

ಇದರ ಹಿಂದಿರುವ ವಿಚಾರಗಳು ಹೊಸವೇನಲ್ಲ. ಆ ಬಣ್ಣದ ಪಟ್ಟಿಗಳು ಅಮೆರಿಕದ ಹೆನ್ರಿ ಗ್ಯಾಂಟ್ ನೂರು ವರ್ಷಗಳಿಗೂ ಹಿಂದೆ ಬಳಕೆಗೆ ತಂದಂಥವು. ಒಮ್ಮೆಗೆ ಎಷ್ಟು ಸಾಮಗ್ರಿ ತರಿಸಿದರೆ ಒಟ್ಟು ಖರ್ಚು ಕನಿಷ್ಠವಾಗುತ್ತದೆ ಎಂಬ ಸೂತ್ರವನ್ನು ಫೋರ್ಡ್ ಹ್ಯಾರಿಸ್ 1913ರಲ್ಲೇ ಪ್ರಕಟಿಸಿದ್ದ. ಹಿಂದಕ್ಕೆ ಎಣಿಸುವ ಪದ್ಧತಿಯನ್ನು 1960ರ ದಶಕದಲ್ಲಿ ಕಂಪ್ಯೂಟರಿಗೆ ಅಳವಡಿಸಿದವನು ಐಬಿಎಂನ ಜೋಸೆಫ್ ಓರ್ಲಿಕಿ. ಇರುವ ಯಂತ್ರಗಳಲ್ಲಿ ಯಾವುದಕ್ಕೆ ಯಾವ ಕೆಲಸ ಹಂಚಬೇಕೆಂಬ ಗಣಿತದ ಮೂಲ ಇನ್ನೂ ಸ್ವಾರಸ್ಯಕರವಾದದ್ದು. ಸೋವಿಯತ್ ಒಕ್ಕೂಟದ ಪ್ಲೈವುಡ್ ಸಂಸ್ಥೆಯೊಂದು ಈ ಸಮಸ್ಯೆಯನ್ನು ಲಿಯೊನಿಡ್ ಕಾಂಟೊರೊವಿಚ್ ಎಂಬ ತರುಣ ಗಣಿತಜ್ಞನ ಮುಂದಿಟ್ಟಿತ್ತು. 1939ರಲ್ಲಿ ಆತ ಪ್ರಕಟಿಸಿದ ಉತ್ತರಕ್ಕೆ 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು. ಎಂಬತ್ತರ ದಶಕದಲ್ಲಿ ನಾವು ಎಂ.ಎ. ತರಗತಿಯಲ್ಲಿ ಇದನ್ನು ಓದುವಾಗ ಇಡೀ ದೇಶದ ಯೋಜನೆಗೆ ಒದಗುವ ವಿದ್ಯೆಯೆಂದು ಭಾವಿಸಿದ್ದೆವು. ಯೋಜನಾ ಆಯೋಗವೇ 2015ರಲ್ಲಿ ಇಲ್ಲವಾಯಿತು. ಆ ವಿದ್ಯೆ ಮಾತ್ರ ತಗಡಿನ ಶೆಡ್ಡುಗಳೊಳಗೆ ಸುಖವಾಗಿದೆ!

ತಂತ್ರಾಂಶದಿಂದ ಲಾಭವಾಯಿತೇ ಎಂದು ಆ ಹುಡುಗನನ್ನು, ಅಂದರೆ ಮಾಲೀಕನನ್ನು ಕೇಳಿದೆ. ಆಗಿದೆ ಎಂದ. ಯಾವ ಮಾಲು ಎಲ್ಲಿದೆ ಎಂದು ಹುಡುಕುವುದು ತಪ್ಪಿದೆ, ಬೇಡದ ತಗಡು ತರಿಸುವುದು ನಿಂತಿದೆ. ಆದರೂ ಗೋದಾಮು ತುಂಬಿಯೇ ಇತ್ತು. ‘ಕಾಕಾ, ಕಂಪ್ಯೂಟರ್ ತಪ್ಪ ಹೇಳೂದಿಲ್ರಿ. ಅದಕ್ಕ ಹೇಳಾವ್ರು ತಡಾ ಮಾಡಿ ಹೇಳ್ತಾರ’ ಎಂದು ನಕ್ಕ. ದೊಡ್ಡ ಖರೀದಿದಾರರ ಬಳಿಯೂ ಇಂಥದೇ, ಇನ್ನೂ ಉತ್ತಮವಾದ ತಂತ್ರಾಂಶವಿದೆ. ಅದು ಅವರ ಗೋದಾಮಿನಲ್ಲಿ ಒಂದೆರಡು ದಿನದ ಮಾಲಿಗಿಂತ ಹೆಚ್ಚು ಇರಗೊಡುವುದಿಲ್ಲ. ತಿಂಗಳ ಅಂದಾಜು ಕೊಡುತ್ತಾರೆ, ವಾರದ ಮಧ್ಯೆ ಅದನ್ನು ಬದಲಿಸುತ್ತಾರೆ. ಬೇಕೆಂದ ದಿನ ಮಾಲು ಕೊಡದಿದ್ದರೆ ದಂಡ. ಹಾಗಾಗಿ ಇವನು ಹೆದರಿಕೆಯಿಂದ ಎರಡು ವಾರದ ಮಾಲನ್ನು ತಯಾರಿಸಿ ಇಟ್ಟುಕೊಂಡಿರುತ್ತಾನೆ. ಅದು ಹೋಗುವವರೆಗೆ ಹೊಸ ಕೆಲಸವಿಲ್ಲ. ದೇವಿಕೊಪ್ಪದ ಕಟ್ಟೆಯ ಮೇಲೆ ಹುಡುಗ ಕುಳಿತಿದ್ದುದು ಇದೇ ಕಾರಣಕ್ಕೆ.

ದಾಸ್ತಾನು ಕಡಿಮೆಯಾಯಿತು ಎಂಬ ಹೇಳಿಕೆಯನ್ನು ನಾವು ಎಚ್ಚರಿಕೆಯಿಂದ ಪರಿಶೀಲಿಸಬೇಕಾದದ್ದು ಇಲ್ಲಿಯೇ. ಬೇಡಿಕೆಯ ಅನಿಶ್ಚಿತತೆಗೆ ಯಾರಾದರೊಬ್ಬರು ಬೆಲೆ ತೆರಲೇಬೇಕು. ದೊಡ್ಡವನ ಆಯವ್ಯಯ ಪಟ್ಟಿಯಿಂದ ಮಾಯವಾದ ದಾಸ್ತಾನು ಬಹಳ ಸಲ ಚಿಕ್ಕವನ ಬ್ಯಾಂಕ್ ಸಾಲದ ಖಾತೆಯಲ್ಲಿ, ಕೊನೆಗೆ ದಿನಗೂಲಿಯವನ ಅಡುಗೆಮನೆಯಲ್ಲಿ ಪ್ರತ್ಯಕ್ಷವಾಗುತ್ತದೆ. ಅಂಗಡಿಯಲ್ಲಿ ಬೇಡಿಕೆ ಸ್ವಲ್ಪ ಏರುಪೇರಾದರೆ ಕಾರ್ಖಾನೆಗಳ ಸರಪಳಿಯಲ್ಲಿ ಹಿಂದೆ ಹಿಂದೆ ಹೋದಂತೆ ಅದು ಹಲವು ಪಟ್ಟಾಗುತ್ತದೆಂದು ಜೇ ಫಾರೆಸ್ಟರ್ 1961ರಲ್ಲೇ ತೋರಿಸಿಕೊಟ್ಟಿದ್ದ. ಬೇಕಾದಾಗ ಬೇಕಾದಷ್ಟೇ ಎಂಬ ಪದ್ಧತಿಗೆ ಹೆಸರಾದ ಟೊಯೊಟಾ ತನ್ನ ಉತ್ಪಾದನೆಯನ್ನು ದಿನದಿಂದ ದಿನಕ್ಕೆ ಸಮನಾಗಿ ಹರಡುವುದಕ್ಕೆ ಮೊದಲ ಆದ್ಯತೆ ಕೊಟ್ಟಿತ್ತು. ನಮ್ಮಲ್ಲಿ ಆ ಅರ್ಧವನ್ನು ಬಿಟ್ಟು ಉಳಿದರ್ಧವನ್ನು ಆಮದು ಮಾಡಿಕೊಂಡಂತೆ ಕಾಣುತ್ತದೆ.

ಕಾನೂನು ಇಲ್ಲವೆಂದಲ್ಲ. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ಮಾಲು ಒಪ್ಪಿಕೊಂಡ ನಲವತ್ತೈದು ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದ ಬಾಕಿಗೆ ಆ ವರ್ಷದ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗದಂತೆ ಮಾಡುವ ತಿದ್ದುಪಡಿಯೂ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದರೆ ಇವೆಲ್ಲ ಮಾಲು ಗೋದಾಮು ಬಿಟ್ಟ ಮೇಲಿನ ಮಾತು. ಬೇಡಿಕೆಯನ್ನು ಎಷ್ಟು ದಿನ ಮೊದಲು ತಿಳಿಸಬೇಕು, ತಿಳಿಸಿದ್ದನ್ನು ಬದಲಿಸಿದರೆ ಯಾರು ನಷ್ಟ ಭರಿಸಬೇಕು ಎಂಬುದು ಇಬ್ಬರ ಕರಾರಿಗೆ ಬಿಟ್ಟದ್ದು. ಆ ಇಬ್ಬರಲ್ಲಿ ಒಬ್ಬ ಆನೆ, ಇನ್ನೊಬ್ಬ ಆಡು.

ಖಾಸಗಿಯವರ ವಿಷಯ ಹಾಗಿರಲಿ. ಸರ್ಕಾರವೇ ಖರೀದಿದಾರನಾದಾಗ ಏನಾಗುತ್ತದೆ? ನಮ್ಮ ಜಿಲ್ಲೆಯಲ್ಲೇ ಇದಕ್ಕೆ ನಿದರ್ಶನವಿದೆ.

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರ ನವೆಂಬರ್ 1ರಂದು ಸ್ಥಾಪನೆಯಾದದ್ದು. ಭಾರತೀಯ ಮಾನಕ ಬ್ಯೂರೊ ಪ್ರಮಾಣೀಕರಿಸಿದ ರಾಷ್ಟ್ರಧ್ವಜ ತಯಾರಿಕೆಗೆ ದೇಶದಲ್ಲೇ ಹೆಸರಾದ ಸಂಸ್ಥೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಧ್ವಜದ ಬಟ್ಟೆ ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ ಬರುತ್ತದೆ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಮುದ್ರಿಸುವುದು, ಹೊಲಿಯುವುದು, ಹಗ್ಗ ಕಟ್ಟುವುದು. ಒಂದು ಹಂತ ತಡವಾದರೆ ಮುಂದಿನದು ಕಾಯುತ್ತದೆ. ಧ್ವಜಕ್ಕೆ ಒಂಬತ್ತು ಅಳತೆಗಳಿವೆ: ಮೇಜಿನ ಮೇಲಿಡುವ ಆರು ಅಂಗುಲದ್ದರಿಂದ ಇಪ್ಪತ್ತೊಂದು ಅಡಿ ಉದ್ದದ್ದರವರೆಗೆ. ನೂಲಿನ ಎಣಿಕೆಯಲ್ಲೋ ಬಣ್ಣದಲ್ಲೋ ವ್ಯತ್ಯಾಸವಾದರೆ ಮಾಲು ತಿರಸ್ಕೃತ. ಕೈಯಿಂದ ನೂಲುವವರನ್ನು ಅವಸರಪಡಿಸಲಾಗದು. ವೇಳಾಪಟ್ಟಿ ತಂತ್ರಾಂಶಕ್ಕೆ ಇದಕ್ಕಿಂತ ತಕ್ಕ ಉದ್ಯಮ ಬೇರೊಂದಿಲ್ಲ ಎನ್ನಬಹುದು. ಏಕೆಂದರೆ ಇಲ್ಲಿ ಬೇಡಿಕೆಯ ದಿನಾಂಕವನ್ನು ಊಹಿಸಬೇಕಾಗಿಯೇ ಇಲ್ಲ. ಆಗಸ್ಟ್ 15 ಮತ್ತು ಜನವರಿ 26 ಪ್ರತಿವರ್ಷ ಅದೇ ದಿನ ಬರುತ್ತವೆ.

ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವ ಕುಶಲಕರ್ಮಿಗಳನ್ನು ನೋಡಿ. ಸಾಗವಾನಿಗೆ ಅರಗಿನ ಬಣ್ಣ ಹಾಕಿ, ಪುರಾಣದ ಚಿತ್ರ ಬರೆದು ಮುಗಿಸಲು ಹಲವು ವಾರಗಳೇ ಬೇಕು. ಕುಬಸದ ಹೊತ್ತಿಗೆ ಮನೆಯವರು ಬಂದು ಮುಂಗಡ ಕೊಟ್ಟರೆ ಮಗುವನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಸಿದ್ಧವಾಗುತ್ತದೆ. ಇಲ್ಲಿ ದಾಸ್ತಾನೂ ಇಲ್ಲ, ತಂತ್ರಾಂಶವೂ ಇಲ್ಲ. ಕೊಳ್ಳುವವರು ಮೊದಲೇ ಬಂದು ಹೇಳುತ್ತಾರೆ, ಅಷ್ಟೆ.

ಸರ್ಕಾರಿ ಕಚೇರಿ ಹಾಗೆ ಹೇಳುವುದಿಲ್ಲವೆಂಬುದಕ್ಕೆ ನಾನೇ ಸಾಕ್ಷಿ. ನಾನು ಮುಖ್ಯಸ್ಥನಾಗಿದ್ದ ಒಂದು ಕಚೇರಿಯಲ್ಲಿ ಧ್ವಜ ಖರೀದಿಯ ಕಡತ ಪ್ರತಿವರ್ಷ ಜುಲೈ ಕೊನೆಗೆ ನನ್ನ ಮೇಜಿಗೆ ಬರುತ್ತಿತ್ತು. ಮಾರ್ಚ್‌ನಲ್ಲಿ ಹಣ ಉಳಿದಿಲ್ಲ, ಏಪ್ರಿಲ್‌ನಲ್ಲಿ ಅನುದಾನ ಬಿಡುಗಡೆಯಾಗಿಲ್ಲ, ಜೂನ್‌ನಲ್ಲಿ ವರ್ಗಾವಣೆಯ ಗಡಿಬಿಡಿ. ನಾನು ಸಹಿ ಮಾಡಿ ‘ಅತಿ ತುರ್ತು’ ಎಂದು ಬರೆಯುತ್ತಿದ್ದೆ. ಹಾಗೆ ಬರೆದಾಗ ದಕ್ಷತೆ ಮೆರೆದೆನೆಂದೇ ಭಾವಿಸಿದ್ದೆ. ಯಾವುದೋ ಮಗ್ಗದ ಮುಂದೆ ಕುಳಿತವರು ನನ್ನ ಸಹಿಯನ್ನು ನಿರೀಕ್ಷಿಸಿ ತಿಂಗಳುಗಳ ಹಿಂದೆಯೇ ಬಟ್ಟೆ ನೇಯ್ದಿಟ್ಟಿರಬೇಕೆಂಬ ಯೋಚನೆ ಒಮ್ಮೆಯೂ ಬರಲಿಲ್ಲ. ಅವರು ನೇಯ್ದಿಟ್ಟದ್ದಕ್ಕೆ ಬಡ್ಡಿ ಕಟ್ಟಿದವರು ಯಾರು ಎಂದು ಕೇಳುವ ಅರ್ಥಶಾಸ್ತ್ರ ನನಗೆ ಗೊತ್ತಿತ್ತು, ಕೇಳಲಿಲ್ಲ.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅನುಮತಿ ದೊರೆಯಿತು. 2022ರ ಆಗಸ್ಟ್‌ನಲ್ಲಿ ಮನೆಮನೆಗೆ ತ್ರಿವರ್ಣ ಅಭಿಯಾನ ನಡೆಯಿತು. ಜುಲೈನಲ್ಲಿ ಬೆಂಗೇರಿಯ ಸಂಘ ತಿದ್ದುಪಡಿಯನ್ನು ವಿರೋಧಿಸಿತು. ಕೋಟಿಗಟ್ಟಲೆ ಮನೆಗಳಿಗೆ ಕೈಮಗ್ಗದ ಧ್ವಜ ಒದಗಿಸುವುದು ಯಾವ ತಂತ್ರಾಂಶದಿಂದಲೂ ಆಗದ ಕೆಲಸ, ಆದ್ದರಿಂದ ಅನುಮತಿಯನ್ನು ನಾನು ಪೂರ್ತಿ ಆಕ್ಷೇಪಿಸಲಾರೆ. ನನ್ನ ಆಕ್ಷೇಪ ಬೇರೆ. ಅಭಿಯಾನಕ್ಕೆ ಎಂಥ ಬಟ್ಟೆಯಾದರೂ ಇರಲಿ, ಸರ್ಕಾರಿ ಕಟ್ಟಡಗಳ ಮೇಲೆ ಹಾರುವ ಧ್ವಜಗಳ ಪಾಲನ್ನಾದರೂ ಖಾದಿಗೆ ಮೀಸಲಿಟ್ಟು, ಆ ಸಂಖ್ಯೆಯನ್ನು ಮುಂಚಿತವಾಗಿ ತಿಳಿಸಿದ್ದರೆ ನೂಲುವವರಿಗೆ ಒಂದು ಲೆಕ್ಕ ಸಿಗುತ್ತಿತ್ತು.

ಇದಕ್ಕೆ ಹೊಸ ಯೋಜನೆಯ ಅಗತ್ಯವಿಲ್ಲ. ರಾಜ್ಯದ ಕಚೇರಿಗಳೂ ಶಾಲೆಗಳೂ ಪಂಚಾಯಿತಿಗಳೂ ಆಗಸ್ಟ್‌ಗೆ ಬೇಕಾದ ಧ್ವಜಗಳ ಅಳತೆ ಮತ್ತು ಸಂಖ್ಯೆಯನ್ನು ಫೆಬ್ರುವರಿ ಕೊನೆಯೊಳಗೆ ತಿಳಿಸಬೇಕು, ಬೆಲೆಯ ಮೂರನೇ ಒಂದು ಭಾಗವನ್ನು ಮುಂಗಡವಾಗಿ ಕೊಡಬೇಕು ಎಂಬ ಒಂದು ಸುತ್ತೋಲೆ ಸಾಕು. ಹೊಸ ಆಯವ್ಯಯಕ್ಕೆ ಕಾಯದೆ ಈ ಸಣ್ಣ ಮೊತ್ತವನ್ನು ಹಿಂದಿನ ವರ್ಷದ ಸಾದಿಲ್ವಾರು ವೆಚ್ಚದಲ್ಲಿ ಸೇರಿಸಬಹುದು. ಶಾಲಾ ಸಮವಸ್ತ್ರ, ಹಾಸ್ಟೆಲ್ ಹೊದಿಕೆ, ಆಸ್ಪತ್ರೆಯ ಹಾಸುಬಟ್ಟೆಗಳಿಗೂ ಇದೇ ಕ್ರಮ ಅನ್ವಯಿಸಬಹುದು; ಅವುಗಳ ದಿನಾಂಕಗಳೂ ಗುಟ್ಟೇನಲ್ಲ. ಸಣ್ಣ ಘಟಕಗಳು ತಂತ್ರಾಂಶ ಕೊಳ್ಳಲು ಸಹಾಯಧನ ಕೊಡಬೇಕೆಂಬ ಸಲಹೆಯನ್ನು ವಿಚಾರ ಸಂಕಿರಣಗಳಲ್ಲಿ ಕೇಳುತ್ತಿರುತ್ತೇವೆ. ಕೊಡಲಿ. ಆದರೆ ಹಿಂದಕ್ಕೆ ಎಣಿಸುವ ಯಂತ್ರಕ್ಕೆ ಮೊದಲು ಎಣಿಸಲು ಒಂದು ದಿನಾಂಕ, ಒಂದು ಸಂಖ್ಯೆ ಬೇಕಲ್ಲವೇ?

ಪರಿಚಯದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರಿಗೆ ಈ ವಿಷಯ ಹೇಳಿ, ಮುಂದಿನ ವರ್ಷದ ಧ್ವಜಗಳಿಗೆ ಈಗಲೇ ಬೇಡಿಕೆ ಕಳುಹಿಸಲು ಸಾಧ್ಯವೇ ಎಂದು ವಿಚಾರಿಸಿದೆ. ಯುವಕರು, ಸಜ್ಜನರು. ಆಸಕ್ತಿಯಿಂದಲೇ ಕೇಳಿಸಿಕೊಂಡು, ‘ಯಾವ ಲೆಕ್ಕಶೀರ್ಷಿಕೆಯಡಿ ಕಳಿಸಲಿ ಸರ್?’ ಎಂದರು. ನಲವತ್ತು ವರ್ಷಗಳ ಹಿಂದೆ ನಾನು ಸೇವೆಗೆ ಸೇರಿದ ಹೊಸತರಲ್ಲಿ ಕೇಳುತ್ತಿದ್ದ ಪ್ರಶ್ನೆಯೂ ಅದೇ. ಉತ್ತರ ಹುಡುಕಿ ಹೇಳುತ್ತೇನೆಂದು ಬಂದಿದ್ದೇನೆ.